ಕನ್ನಡಕ ಹಾಕಿಯೇ ನಿಲ್ಲುತ್ತೇನೆ ಎಂದ ದುರ್ಬೀನಕ್ಕ

ಕಾಂಟ್ಯಾಕ್ಟ್ ಲೆನ್ಸಿಗೆ ನೀರು ತಾಗಬಾರದು. ನಲ್ಲಿ ನೀರಷ್ಟೇ ಅಲ್ಲ. ಸೋಸಿದ ನೀರು, ಕುದಿಸಿ ಆರಿಸಿದ ನೀರು, ಈಗಷ್ಟೇ ಮುಚ್ಚಳ ತಿರುಗಿಸಿದ ಬಾಟಲಿಯ ನೀರು, ಯಾವುದೂ ಕೂಡದು. ಕುಡಿದರೆ ಹೊಟ್ಟೆಗೆ ಏನೂ ಮಾಡದ ಒಂದು ಸೂಕ್ಷ್ಮಜೀವಿ, ಲೆನ್ಸಿನ ಅಡಿಯಲ್ಲಿ ಸಿಕ್ಕಿಕೊಂಡರೆ ಕಣ್ಣಿನ ಮುಂಭಾಗದ ತಿಳಿ ಪೊರೆಯನ್ನೇ ತಿನ್ನತೊಡಗುತ್ತದೆ. ಇದೇನೂ ಗುಟ್ಟಲ್ಲ. ಲೆನ್ಸಿನ ಡಬ್ಬದೊಳಗೆ ಮಡಚಿಟ್ಟ ಚೀಟಿಯಲ್ಲಿ ಅಚ್ಚಾಗಿದೆ. ಮಾರುವವನು ಅದನ್ನು ಓದಿ ಹೇಳುವುದಿಲ್ಲ, ಕೊಂಡವನು ಬಿಡಿಸಿ ನೋಡುವುದಿಲ್ಲ, ಲೆನ್ಸ್ ಹಾಕಿಕೊಂಡು ಬನ್ನಿ ಎಂದು ಅಪ್ಪಣೆ ಮಾಡುವವನಿಗಂತೂ ಅಂಥ ಚೀಟಿ ಇದೆಯೆಂದೇ ತಿಳಿದಿರುವುದಿಲ್ಲ. ನಮಗೆ ಗೊತ್ತಿತ್ತು ಎನ್ನುವಿರೋ, ಸಂತೋಷ. ಪಕ್ಕದಲ್ಲಿ ಕೂತವರಿಗೆ ಹೇಳಿದ್ದಿರಾ?

ಗಡಿಯಾರದ ಕೌಂಟರಿನ ಹೆಂಗಸಿಗೆ ಯಾರೂ ಹೇಳಿರಲಿಲ್ಲ.

ಆರು ಮಹಡಿಯ ದೊಡ್ಡ ಅಂಗಡಿ ಅದು. ಗಾಜಿನ ಬಾಗಿಲು ದಾಟುತ್ತಲೇ ಎಡಕ್ಕೆ ಸೆಂಟು, ಬಲಕ್ಕೆ ಗಡಿಯಾರ. ಬಲಗಡೆಯ ಗಾಜಿನ ಪೆಟ್ಟಿಗೆಯ ಹಿಂದೆ ಹತ್ತೊಂಬತ್ತು ವರ್ಷದಿಂದ ನಿಂತಿರುವ ಹೆಂಗಸನ್ನು ಬಾಗಿಲು ಕಾಯುವವನಿಂದ ಹಿಡಿದು ಆರನೇ ಮಹಡಿಯ ಆಫೀಸಿನವರವರೆಗೆ ಎಲ್ಲರೂ ದುರ್ಬೀನಕ್ಕ ಎಂದೇ ಕರೆಯುತ್ತಾರೆ. ಎರಡೂ ಕಣ್ಣಿಗೆ ಮೈನಸ್ ಏಳು. ಕನ್ನಡಕದ ಗಾಜಿನ ಅಂಚು ಬೆರಳಿನಷ್ಟು ದಪ್ಪ. ಹೆಸರಿಟ್ಟವರು ಗೇಲಿಗೆಂದು ಇಟ್ಟರು, ಅವಳು ಪದವಿಯಂತೆ ಇಸಿದುಕೊಂಡಳು. ಸೋಡಾಬುಡ್ಡಿ ಎನ್ನಿಸಿಕೊಳ್ಳುವುದಕ್ಕಿಂತ ಇದು ಮೇಲು, ಸೋಡಾಬುಡ್ಡಿಯಲ್ಲಿ ಬರೀ ಗ್ಯಾಸು, ದುರ್ಬೀನಿನಲ್ಲಿ ದೂರದ್ದೂ ಕಾಣುತ್ತದೆ ಎನ್ನುವುದು ಅವಳ ವಾದ. ಮದುವೆ ಯಾಕಾಗಲಿಲ್ಲ ಎಂದು ಕೇಳಿದ ಗಿರಾಕಿಗಳಿಗೂ ಒಂದು ಸಿದ್ಧ ಉತ್ತರವಿತ್ತು: ಕೇಳಿಕೊಂಡು ಬಂದವರನ್ನೆಲ್ಲ ಕನ್ನಡಕ ಹಾಕಿಕೊಂಡು ನೋಡಿಬಿಟ್ಟೆ, ಅದಕ್ಕೇ.

ಅವಳ ಕಣ್ಣಿಗೆ ಇನ್ನೊಂದು ಗುಣವಿತ್ತು. ದೂರದ್ದು ಎಷ್ಟು ಮಸುಕೋ, ಹತ್ತಿರದ್ದು ಅಷ್ಟೇ ನಿಚ್ಚಳ. ಕನ್ನಡಕವನ್ನು ಹಣೆಗೇರಿಸಿ ಗಡಿಯಾರವನ್ನು ಮೂಗಿನ ಬಳಿ ಹಿಡಿದಳೆಂದರೆ ಅವಳ ಕಣ್ಣೇ ಭೂತಗನ್ನಡಿ. ಪಟ್ಟಿಯನ್ನು ಗಡಿಯಾರಕ್ಕೆ ಸೇರಿಸುವ ಕೂದಲೆಳೆಯಂಥ ಪಿನ್ನು ಎಲ್ಲಿ ಸೊಟ್ಟಗಾಗಿದೆ, ಲೋಹದ ಸರಪಳಿಯ ಯಾವ ಕೊಂಡಿ ಸವೆದಿದೆ ಎನ್ನುವುದನ್ನು ಒಂದೇ ನೋಟಕ್ಕೆ ಹೇಳುತ್ತಿದ್ದಳು. ಬೇರೆ ಅಂಗಡಿಯವರು ರಿಪೇರಿಯಾಗದು ಎಂದು ಕೈಚೆಲ್ಲಿದ ಗಡಿಯಾರ ಹಿಡಿದು ಜನ ಇವಳನ್ನು ಹುಡುಕಿಕೊಂಡು ಬರುತ್ತಿದ್ದರು. ಕೌಂಟರ್ ಅವಳಿಗೆ ಕೆಲಸದ ಜಾಗವಷ್ಟೇ ಆಗಿರಲಿಲ್ಲ. ಹತ್ತೊಂಬತ್ತು ವರ್ಷ ನಿಂತು ನಿಂತು ಗಳಿಸಿದ ಗದ್ದುಗೆ ಅದು.

ಎರಡು ವರ್ಷದ ಕೆಳಗೆ ಅಂಗಡಿಯನ್ನು ಒಡೆದು ಹೊಸದಾಗಿ ಕಟ್ಟಿದರು. ಹಳೆಯ ಟ್ಯೂಬ್‌ಲೈಟು ಹೋಗಿ, ತಲೆಯ ಮೇಲಿಂದ ನೇರ ಮುಖಕ್ಕೆ ಹೊಡೆಯುವ ದೀಪಗಳು ಬಂದವು. ಹೊಸ ಅಂಗಡಿ ತೆರೆದ ಮರುವಾರ, ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚಿನ ಸಭೆಯಲ್ಲಿ, ನೆಲಮಹಡಿಯ ಮೇಲ್ವಿಚಾರಕರು ಒಂದು ಮಾತು ಹೇಳಿದರು. ಅವರನ್ನು ಎಲ್ಲರೂ ಫ್ಲೋರ್ ಸಾರ್ ಎನ್ನುತ್ತಾರೆ. ಇನ್ನು ಮುಂದೆ ಮುಂಭಾಗದ ಕೌಂಟರುಗಳಲ್ಲಿ ನಿಲ್ಲುವವರು ಕನ್ನಡಕ ಹಾಕುವಂತಿಲ್ಲ, ಗಿರಾಕಿಗೆ ನಿಮ್ಮ ಕಣ್ಣು ಕಾಣಬೇಕು, ಕನ್ನಡಕ ಬೇಕೇ ಬೇಕು ಎನ್ನುವವರಿಗೆ ಹಿಂದೆ ಪ್ಯಾಕಿಂಗ್ ಕೋಣೆಯಲ್ಲಿ ಜಾಗ ಇದೆ. ಇಷ್ಟೇ. ಕಾಗದವಿಲ್ಲ, ಸಹಿಯಿಲ್ಲ. ಬಾಯಿಂದ ಬಂತು, ಕಿವಿಗೆ ಬಿತ್ತು, ನಿಯಮವಾಯಿತು.

ಪ್ಯಾಕಿಂಗ್ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ, ಒಂದು ಫ್ಯಾನು. ಗಡಿಯಾರ ಬಲ್ಲವಳು ಅಲ್ಲಿ ಹೋಗಿ ಮಾಡುವುದೇನು? ದುರ್ಬೀನಕ್ಕ ಎದುರು ರಸ್ತೆಯ ಕನ್ನಡಕದಂಗಡಿಗೆ ಹೋದಳು. ಇಪ್ಪತ್ತು ನಿಮಿಷದಲ್ಲಿ ಅಳತೆ ನೋಡಿ, ತಿಂಗಳಿಗೊಮ್ಮೆ ಬದಲಿಸುವ ಲೆನ್ಸು, ಒಂದು ಬಾಟಲಿ ದ್ರಾವಣ, ಎಡ ಬಲ ಎಂದು ಬರೆದ ಪುಟ್ಟ ಡಬ್ಬಿ ಕೈಗಿಟ್ಟು ಕಳಿಸಿದರು. ಹಾಕುವುದು ತೆಗೆಯುವುದು ಹೇಗೆಂದು ಕಲಿಸಿದರು. ಯಾವಾಗ ಹಾಕಲೇಬಾರದು ಎನ್ನುವುದನ್ನು ಹೇಳಲಿಲ್ಲ.

ಮನೆಯಲ್ಲಿ ಅವಳ ಅಮ್ಮ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಕೂತು, ದಾರ ಕಟ್ಟಿದ ಕನ್ನಡಕ ಕುತ್ತಿಗೆಗೆ ನೇತುಹಾಕಿಕೊಂಡು, ಊರವರ ಬಟ್ಟೆಗೆ ಗುಂಡಿ ಹಚ್ಚುವ ಹೆಂಗಸು. ಮಗಳು ಕನ್ನಡಿಯ ಮುಂದೆ ರೆಪ್ಪೆ ಹಿಗ್ಗಿಸಿ ಒದ್ದಾಡುವುದನ್ನು ಮೊದಲ ದಿನ ನೋಡಿ ಅವರು ಹೇಳಿದ್ದಿಷ್ಟು: "ಕಣ್ಣಿಗೆ ಧೂಳು ಬಿದ್ರೆ ಜನ ತೆಗೆಸ್ಕೋತಾರೆ. ನೀನು ಹುಡುಕ್ಕೊಂಡು ಹೋಗಿ ಹಾಕಿಸ್ಕೊಂಡು ಬಂದಿದೀಯಲ್ಲೇ."

ಮಗಳು ನಕ್ಕಳು. ಅಂದಿನಿಂದ ಅಂಗಡಿಯಲ್ಲಿ ಅವಳಿಗೆ ಕೌಂಟರ್ ಉಳಿಯಿತು, ಹೆಸರೂ ಉಳಿಯಿತು, ದುರ್ಬೀನು ಮಾತ್ರ ಬ್ಯಾಗಿನೊಳಗೆ ಹೋಯಿತು. ಒಂದು ಪೇಚಿತ್ತು. ಲೆನ್ಸ್ ಕಣ್ಣಲ್ಲಿ ಕೂತಿರುವಾಗ ಹಣೆಗೇರಿಸುವುದಕ್ಕೆ ಏನೂ ಇಲ್ಲ. ಪಿನ್ನು ನೋಡಲು ಅವಳು ಈಗ ಬೇರೆಯವರಂತೆ ನಿಜವಾದ ಭೂತಗನ್ನಡಿ ಹಿಡಿಯಬೇಕಾಯಿತು. ಕಣ್ಣು ಚೆನ್ನಾಗಿ ಕಾಣಲೆಂದು ಅವಳ ಕಣ್ಣಿನ ಒಂದು ವಿದ್ಯೆಯನ್ನೇ ಕಿತ್ತುಕೊಂಡರು ಎಂದರೂ ತಪ್ಪಿಲ್ಲ.

ಇನ್ನು ಆ ಅಂಗಡಿಯ ಕೆಲಸದ ರೀತಿ ಕೇಳಿ. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತು. ಮೇಲಿಂದ ದೀಪದ ಝಳ, ಹಿಂದಿನಿಂದ ಎ.ಸಿ.ಯ ಒಣಗಾಳಿ, ಎದುರಿನ ಸೆಂಟಿನ ಕೌಂಟರಿನಿಂದ ಹತ್ತು ನಿಮಿಷಕ್ಕೊಮ್ಮೆ ತೇಲಿಬರುವ ತುಂತುರು. ಮಧ್ಯಾಹ್ನದ ಹೊತ್ತಿಗೆ ಲೆನ್ಸು ಒಣಗಿ ಕಣ್ಣಿಗೆ ಅಂಟಿಕೊಳ್ಳುತ್ತದೆ, ಮರಳು ಹೊಕ್ಕಂತೆ ಚುಚ್ಚುತ್ತದೆ. ತೆಗೆದು ದ್ರಾವಣದಲ್ಲಿ ಉಜ್ಜಿ ಹಾಕಿಕೊಳ್ಳಬೇಕೆಂದರೆ ಮೊದಲು ಸೋಪಿನಲ್ಲಿ ಕೈ ತೊಳೆಯಬೇಕು. ಸಿಬ್ಬಂದಿಯ ಬೇಸಿನ್ ಇರುವುದು ನೆಲಮಾಳಿಗೆಯ ಕೊನೆಯಲ್ಲಿ. ಲಿಫ್ಟು ಗಿರಾಕಿಗಳಿಗೆ ಮೀಸಲು. ಇಳಿದು ಹೋದರೆ ಸೋಪಿನ ಬಾಟಲಿಯಲ್ಲಿ ಸೋಪಿರುವುದಿಲ್ಲ. ತುಂಬಿಸಿದ ಸೋಪನ್ನು ಸಿಬ್ಬಂದಿ ಎರಡೇ ದಿನದಲ್ಲಿ ಮುಗಿಸುತ್ತಾರೆಂದು ಯಾರೋ ಅದನ್ನು ತುಂಬಿಸುವುದನ್ನೇ ನಿಲ್ಲಿಸಿದ್ದರು. ವಿರಾಮ ಹತ್ತು ನಿಮಿಷ. ಹೋಗಿ ಬರಲು ಏಳು.

ಹಾಗಾಗಿ ಮುಂಭಾಗದ ಹೆಂಗಸರು ತಮ್ಮದೇ ಒಂದು ಉಪಾಯ ಮಾಡಿಕೊಂಡಿದ್ದರು. ಕಂಬದ ಹಿಂದೆ ಗಿರಾಕಿಗಳಿಗೆಂದು ಇಟ್ಟ ನೀರಿನ ಯಂತ್ರ. ಏಳು ಹಂತದಲ್ಲಿ ಸೋಸುತ್ತದೆಂದು ಅದರ ಮೈಮೇಲೆ ನೀಲಿ ಅಕ್ಷರದಲ್ಲಿ ಬರೆದಿದೆ. ಒಂದು ಕಾಗದದ ಲೋಟ ಹಿಡಿದರಾಯಿತು: ಬೆರಳು ತೊಳೆಯುವುದು ಅದರಲ್ಲೇ, ಲೆನ್ಸು ಜಾಲಿಸುವುದೂ ಅದರಲ್ಲೇ. ಇದನ್ನು ಮೊದಲು ಕಂಡುಹಿಡಿದವಳು ಸೆಂಟಿನ ಕೌಂಟರಿನವಳು. ಅವಳು ಬಂದರೆ ಬೀದಿಯ ಆ ತುದಿಗೂ ತಿಳಿಯುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಘಮಘಮ. ಘಮಘಮ ಅದನ್ನು ದುರ್ಬೀನಕ್ಕನಿಗೆ ಕಲಿಸಿದಳು. ದುರ್ಬೀನಕ್ಕ ಬ್ಯಾಗಿನ ಕೌಂಟರಿಗೆ ಬಂದ ಇಬ್ಬರು ಹೊಸಬರಿಗೆ ಕಲಿಸಿದಳು, ಅದೂ ಹೆಮ್ಮೆಯಿಂದ. ನಾವೇನು ನಲ್ಲಿ ನೀರು ಹಾಕುವ ದಡ್ಡರಲ್ಲ, ಇದು ಸಾಹುಕಾರರು ಕುಡಿಯುವ ನೀರು ಎಂದು. ದ್ರಾವಣ ಸಂಜೆಗೆ ಮಾತ್ರ. ಅದೂ ನಿನ್ನೆಯದನ್ನು ಚೆಲ್ಲದೆ, ಅದರ ಮೇಲೆಯೇ ಇವತ್ತಿನ ನಾಲ್ಕು ಹನಿ. ಲೆನ್ಸಿನ ಡಬ್ಬಿ ಇಡಲು ಅವಳಿಗೆ ಸಿಕ್ಕ ಜಾಗವೂ ಚೆಂದ: ಗಡಿಯಾರ ಮಾರಾಟವಾಗಿ ಖಾಲಿಯಾದ ಮಖಮಲ್ಲಿನ ಪೆಟ್ಟಿಗೆ.

ಸೋಸಿದ ನೀರು ಶುದ್ಧ ಎಂದು ನಂಬಿದ ಈ ಹೆಂಗಸರನ್ನು ನೋಡಿ ನಗುವ ಮೊದಲು ಒಂದು ಮಾತು. ಸೋಪಿಲ್ಲದ ಬೇಸಿನ್ನಿಗಿಂತ ಅದು ಶುದ್ಧವೆಂದು ಲೆಕ್ಕ ಹಾಕಿದ್ದರಲ್ಲಿ ತಪ್ಪೇನಿತ್ತು? ಅವರ ಬುದ್ಧಿ ಕೆಲಸ ಮಾಡುತ್ತಲೇ ಇತ್ತು. ಅದಕ್ಕೆ ಬೇಕಾದ ಒಂದು ಸಾಲು ಮಾಹಿತಿಯನ್ನು ಕೊಡುವಷ್ಟು ಕಾಳಜಿ ಅಂಗಡಿಯ ಯಾರಿಗೂ ಇರಲಿಲ್ಲ.

ಹದಿನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ಗುರುವಾರ ಬಲಗಣ್ಣು ಕೆಂಪಾಯಿತು. ಧೂಳಿರಬೇಕು ಎಂದುಕೊಂಡಳು. ಶುಕ್ರವಾರ ದೀಪ ನೋಡಲಾಗಲಿಲ್ಲ. ಶನಿವಾರ, ಭಾನುವಾರ ಅಂಗಡಿಯಲ್ಲಿ ರಿಯಾಯಿತಿ ಮಾರಾಟ, ರಜೆ ಕೇಳುವ ಹಾಗಿಲ್ಲ. ಔಷಧಿ ಅಂಗಡಿಯವನು ಕೊಟ್ಟ ಯಾವುದೋ ಹನಿ ಹಾಕಿಕೊಂಡು, ಅದರ ಮೇಲೆ ಲೆನ್ಸನ್ನೂ ಏರಿಸಿಕೊಂಡು ಎರಡು ದಿನ ನಿಂತಳು. ನೀರು ಸುರಿಯುತ್ತಿದ್ದ ಕಣ್ಣನ್ನು ಕಂಡು ಫ್ಲೋರ್ ಸಾರ್ ಮೆತ್ತಗೆ ಹೇಳಿಹೋದರಂತೆ, ಮನೆಯ ಕಷ್ಟ ಏನಿದ್ದರೂ ಮನೆಯಲ್ಲಿ, ಗಿರಾಕಿಯ ಎದುರು ಅಳಬೇಡಿ ಎಂದು. ಸೋಮವಾರ ಬೆಳಿಗ್ಗೆ ಅಮ್ಮ ಗುಂಡಿಯ ಡಬ್ಬ ಬದಿಗಿಟ್ಟು, ಮಗಳ ರಟ್ಟೆ ಹಿಡಿದು ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದರು.

ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ. ಯಂತ್ರಕ್ಕೆ ಗಲ್ಲ ಇಡಿಸಿ ಬಹಳ ಹೊತ್ತು ನೋಡಿ, ಲೆನ್ಸನ್ನು ಏನು ಹಾಕಿ ತೊಳೆಯುತ್ತೀರಿ ಎಂದು ಕೇಳಿದರು.

"ಫಿಲ್ಟರ್ ನೀರು ಡಾಕ್ಟ್ರೇ. ನಲ್ಲೀದಲ್ಲ," ಎಂದಳು ದುರ್ಬೀನಕ್ಕ. ಆಗಲೂ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಲೆನ್ಸು, ಡಬ್ಬಿ ಎರಡನ್ನೂ ಎಸೆಯದೆ ತರಲು ಹೇಳಿ, ಪರೀಕ್ಷೆಗೆ ಕಳಿಸಿದರು. ಕಣ್ಣಿನಲ್ಲಿ ಸಿಕ್ಕ ಜೀವಿಯೇ ಡಬ್ಬಿಯಲ್ಲೂ ಸಿಕ್ಕಿತು. ಅಮೀಬಾ. ನೀರಿನಲ್ಲಿ ಇರುವಂಥದ್ದೇ, ನೀರಿನ ಯಂತ್ರದ ಕೊಳವೆಯ ಒಳಮೈಗೆ ಅಂಟಿಕೊಂಡು ಬೆಳೆಯುವಂಥದ್ದೇ. ಆಮೇಲಿನ ದಿನಗಳ ವಿವರವನ್ನು ನಾನು ಬೆಳೆಸುವುದಿಲ್ಲ. ಮೊದಮೊದಲು ಗಂಟೆಗೊಮ್ಮೆ ಉರಿಯುವ ಹನಿ, ಕಿಟಕಿಗೆಲ್ಲ ಅಮ್ಮ ಹೊಲಿದು ಕಟ್ಟಿದ ಕಪ್ಪು ಬಟ್ಟೆ, ತಲೆಯನ್ನು ಗೋಡೆಗೆ ಒತ್ತಿ ಕೂತ ಮಗಳು. ನಾಲ್ಕು ತಿಂಗಳಾದ ಮೇಲೆ ನೋವು ಹೋಯಿತು. ಬಲಗಣ್ಣಿನ ಮೇಲೆ ಬೆಳ್ಳಗಿನ ಕಲೆ ಉಳಿಯಿತು. ಎಣ್ಣೆ ಹಚ್ಚಿದ ಕಾಗದದ ಆಚೆಯಿಂದ ನೋಡಿದ ಹಾಗೆ ಕಾಣುತ್ತದಂತೆ. ಬೆಳಕಿದೆ, ಆಕಾರವಿಲ್ಲ. ಮುಂದೆ ಪೊರೆ ಬದಲಿಸುವ ಶಸ್ತ್ರಚಿಕಿತ್ಸೆ ಮಾಡಬಹುದು, ಈಗಲೇ ಅಲ್ಲ ಎಂದರು ಡಾಕ್ಟರಮ್ಮ. ಲೆನ್ಸು ಮಾತ್ರ ಇನ್ನು ಮುಟ್ಟುವಂತಿಲ್ಲ.

ಹೀಗೆ ಅವಳು ದಪ್ಪ ಗಾಜಿನ ಹಳೆಯ ಕನ್ನಡಕ ಹಾಕಿಕೊಂಡು, ಡಾಕ್ಟರ ಚೀಟಿ ಹಿಡಿದುಕೊಂಡು, ಬೆಳಗಿನ ಸಭೆಗೆ ಬಂದು ನಿಂತಳು. ಫ್ಲೋರ್ ಸಾರ್ ಚೀಟಿ ಓದಿದರು. ಮರುಕದ ಮುಖ ಮಾಡಿ ಪಕ್ಕಕ್ಕೆ ಕರೆದರು. ಅವಳು ಕದಲಲಿಲ್ಲ. ಎಲ್ಲರ ಮುಂದೆ ಹೇಳಿದ ನಿಯಮ, ಎಲ್ಲರ ಮುಂದೆಯೇ ಮಾತಾಡೋಣ ಎಂದಳು. ಅವರು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಹೇಳಿದರು: ಪ್ಯಾಕಿಂಗಿನಲ್ಲಿ ಕೂತು ಮಾಡುವ ಕೆಲಸ, ದೀಪದ ಕಾಟವಿಲ್ಲ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಅಲ್ಲದೆ ಲೆನ್ಸು ಹಾಕಿ ಎಂದು ನಿಮ್ಮನ್ನು ಯಾರಾದರೂ ಬಲವಂತ ಮಾಡಿದರೇ?

"ಇಲ್ಲ ಸಾರ್. ಕಣ್ಣು ಬೇಕಾ, ಕೌಂಟರ್ ಬೇಕಾ ಅಂದ್ರಿ, ಅಷ್ಟೇ. ಈಗ ಕಣ್ಣು ಕೊಟ್ಟಾಯ್ತಲ್ಲ, ಕೌಂಟರ್ ನಂದು. ಕನ್ನಡಕ ಹಾಕ್ಕೊಂಡೇ ನಿಲ್ತೀನಿ. ಕೂಡದು ಅಂದ್ರೆ ಬರೆದುಕೊಡಿ, ಕೆಳಗೆ ನಿಮ್ಮ ಸಹಿ ಹಾಕಿ."

ಫ್ಲೋರ್ ಸಾರ್ ಬರೆದುಕೊಡಲಿಲ್ಲ. ಕೌಂಟರ್ ಬಿಡಿಸಲೂ ಇಲ್ಲ. ಆ ದಿನ ಮಧ್ಯಾಹ್ನ ಅವಳ ಬಿಲ್ ಕೋಡ್ ಕೆಲಸ ಮಾಡುವುದನ್ನು ನಿಲ್ಲಿಸಿತು. ಅಂದರೆ ಅವಳು ಗಡಿಯಾರ ತೋರಿಸಬಹುದು, ಪಟ್ಟಿ ಕೂರಿಸಬಹುದು, ಮಾರಬಹುದು; ಮಾರಿದ್ದು ಅವಳ ಹೆಸರಿಗೆ ಬೀಳುವುದಿಲ್ಲ. ನಿಂತು ನಿಂತು ಬೇಸತ್ತು ತಾನಾಗಿಯೇ ಹಿಂದಕ್ಕೆ ಹೋಗಲಿ ಎನ್ನುವ ಲೆಕ್ಕ. ಅವಳಿಗೆ ಅದು ತಿಳಿಯದೇ? ಟೀಗೂ ಕದಲದೆ ನಿಂತಳು. ಒಮ್ಮೆ ಬಿಟ್ಟು ಸರಿದರೆ ಆ ಜಾಗಕ್ಕೆ ಬೇರೆ ಯಾರನ್ನೋ ನಿಲ್ಲಿಸಿ, ನೀವೇ ಬಿಟ್ಟು ಹೋದಿರಲ್ಲ ಎನ್ನುತ್ತಾರೆ ಎಂದು ಅವಳಿಗೆ ಖಾತ್ರಿಯಿತ್ತು. ಹತ್ತಿರದ ನೋಟದ ವಿದ್ಯೆ ಎಡಗಣ್ಣಿನಲ್ಲಿ ಇನ್ನೂ ಇತ್ತು. ಕನ್ನಡಕ ಹಣೆಗೇರಿಸಿ, ಒಂದೇ ಕಣ್ಣಿನಲ್ಲಿ ಪಿನ್ನು ಕೂರಿಸಿದಳು. ಮೊದಲಿನಷ್ಟು ಬೇಗ ಆಗಲಿಲ್ಲ. ಎರಡು ಸಲ ಪಿನ್ನು ಸಿಡಿದು ಗಿರಾಕಿಯ ಪಾದದ ಬಳಿ ಬಿತ್ತು. ಬಗ್ಗಿ ಎತ್ತಿಕೊಂಡಳು.

ಅಷ್ಟೇ ಮಾಡಿದ್ದರೆ ಇದು ಒಬ್ಬಳ ಹಟದ ಕಥೆಯಾಗುತ್ತಿತ್ತು. ಅವಳಿಗೆ ಇನ್ನೊಂದು ಋಣ ಕೊರೆಯುತ್ತಿತ್ತು. ತಾನು ಕಲಿಸಿದ ಆ ಇಬ್ಬರು. ಬಂದ ಮೊದಲ ದಿನವೇ, ಅಂಗಡಿಯ ಬಾಗಿಲು ತೆರೆಯುವ ಮುಂಚೆ, ಬ್ಯಾಗಿನ ಕೌಂಟರಿಗೆ ಹೋಗಿ, ನಾನು ಹೇಳಿಕೊಟ್ಟಿದ್ದು ತಪ್ಪು, ನನ್ನ ಕಣ್ಣು ನೋಡಿ, ಎಂದು ಕನ್ನಡಕ ತೆಗೆದು ತೋರಿಸಿದಳು. ಇಬ್ಬರೂ ಅಲ್ಲೇ ಡಬ್ಬಿಗಳನ್ನು ಕಸಕ್ಕೆ ಹಾಕಿದರು. ನಾಳೆಯಿಂದ ಏನು ಹಾಕಿಕೊಂಡು ಬರುವುದು ಎಂದು ಮಾತ್ರ ಅವರಿಗೆ ತಿಳಿಯಲಿಲ್ಲ. ಒಬ್ಬಳು ಕನ್ನಡಕ ಹಾಕಿಕೊಂಡೇ ಬಂದಳು. ಇನ್ನೊಬ್ಬಳು ಏನೂ ಹಾಕದೆ ಬಂದು, ಬೆಲೆಚೀಟಿ ಓದಲಾಗದೆ ಗಿರಾಕಿಗಳನ್ನೇ ಕೇಳುತ್ತಿದ್ದಳು.

ಘಮಘಮ ಬಗ್ಗಲಿಲ್ಲ. ಅದೇ ಬೆಳಿಗ್ಗೆ ನೀರಿನ ಯಂತ್ರದ ಬಳಿ ಇಬ್ಬರಿಗೂ ಜಗಳವೇ ಆಯಿತು.

"ಅಕ್ಕ, ನಿನ್ನ ಕಣ್ಣು ಹೋಯ್ತು, ನಂಗೂ ಸಂಕಟ ಆಗುತ್ತೆ. ಹಾಗಂತ ನಮ್ಮ ಅನ್ನಕ್ಕೂ ಕಲ್ಲು ಹಾಕ್ತೀಯಾ? ಒಂದೂವರೆ ವರ್ಷದಿಂದ ಇದೇ ನೀರು ನಂಗೆ. ಏನಾಗಿದೆ ಹೇಳು?"

"ನಂಗೂ ಹದಿನಾಲ್ಕು ತಿಂಗಳು ಏನೂ ಆಗ್ಲಿಲ್ಲ ಕಣೇ. ಆಮೇಲೆ ಮೂರೇ ದಿನದಲ್ಲಿ ಆಯ್ತು."

ಘಮಘಮ ಮುಖ ತಿರುಗಿಸಿಕೊಂಡು ಹೋದಳು. ಐದು ದಿನ ಎದುರುಬದುರು ನಿಂತೂ ಇಬ್ಬರಿಗೂ ಮಾತಿಲ್ಲ. ಮಧ್ಯದಲ್ಲಿ ಗಿರಾಕಿಗಳು, ಸೆಂಟಿನ ತುಂತುರು.

ಆರನೇ ದಿನ ಶನಿವಾರ. ಸಂಜೆ ಐದರ ಹೊತ್ತು, ಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು. ಘಮಘಮ ಬಾಟಲಿ ಎತ್ತುವಾಗ ದೀಪದ ಕಡೆಯಿಂದ ಮುಖ ಹೊರಳಿಸುತ್ತಿರುವುದು ದುರ್ಬೀನಕ್ಕನಿಗೆ ಕಂಡಿತು. ಒಮ್ಮೆ ಅಲ್ಲ, ಮತ್ತೆ ಮತ್ತೆ. ಎಡಗಣ್ಣಿನ ಸುತ್ತ ಕಾಡಿಗೆ ದಪ್ಪಗಿತ್ತು. ಕಾಡಿಗೆಯ ಒಳಗೆ ಬಿಳಿಗುಡ್ಡೆ ಕೆಂಪಾಗಿತ್ತು.

ಕೌಂಟರ್ ಬಿಟ್ಟರೆ ಹೋಯಿತು ಎಂದು ಆರು ದಿನ ನೀರೂ ಕುಡಿಯದೆ ನಿಂತವಳು, ಕೈಯಲ್ಲಿದ್ದ ಗಡಿಯಾರವನ್ನು ಗಿರಾಕಿಗೆ ಮರಳಿಸಿ, ಸೋಮವಾರ ಬನ್ನಿ, ಮಾಡಿಕೊಡುತ್ತೇನೆ ಎಂದು ಹೇಳಿ, ಪೆಟ್ಟಿಗೆಗೆ ಬೀಗ ಹಾಕಿ, ನೆಟ್ಟಗೆ ಎದುರುಗಡೆ ನಡೆದಳು. ಎಷ್ಟು ದಿನದಿಂದ ಎಂದು ಕೇಳಿದಳು. ನಿನ್ನೆಯಿಂದ ಎಂದಳು ಘಮಘಮ; ಏನಿಲ್ಲ ಬಿಡಕ್ಕಾ, ಮಾರಾಟ ಮುಗಿಯಲಿ, ನಾಳೆ ತೋರಿಸುತ್ತೇನೆ ಎಂದಳು.

"ನಾನೂ ಹೀಗೇ ಅಂದಿದ್ದೆ. ಲೆನ್ಸ್ ತೆಗಿ. ಡಬ್ಬಿ ತಗೋ. ನಡಿ."

"ಸಾರ್ ನೋಡ್ತಿದಾರೆ ಅಕ್ಕ."

"ನೋಡ್ಲಿ. ಅವರ ಎರಡೂ ಕಣ್ಣು ಚೆನ್ನಾಗಿದೆ."

ಶನಿವಾರದ ಸಂಜೆ, ಅಂಗಡಿಯ ಮುಂಬಾಗಿಲಿನ ಎರಡೂ ಬದಿಯ ಕೌಂಟರು ಖಾಲಿ ಬಿಟ್ಟು, ಇಬ್ಬರು ಹೆಂಗಸರು ಗಿರಾಕಿಗಳ ಬಾಗಿಲಿನಿಂದಲೇ ಹೊರಗೆ ಹೋದರು. ಅದೇ ಡಾಕ್ಟರಮ್ಮ ನೋಡಿದರು. ಅಮೀಬಾ ಅಲ್ಲ, ಬೇರೆ ಸೋಂಕು, ಎರಡನೇ ದಿನಕ್ಕೇ ಬಂದಿದ್ದೀರಿ, ಪೊರೆಯಲ್ಲಿ ಸಣ್ಣ ಹುಣ್ಣಿದೆ, ವಾಸಿಯಾಗುತ್ತದೆ ಎಂದರು. ವಾಸಿಯೂ ಆಯಿತು, ಮೂರು ವಾರದಲ್ಲಿ. ಕಲೆ ಉಳಿಯಲಿಲ್ಲ.

ಸೋಮವಾರ ಇಬ್ಬರಿಗೂ ಆರನೇ ಮಹಡಿಯ ಆಫೀಸಿನಿಂದ ಕರೆ. ಮೇಜಿನಾಚೆ ಸಿಬ್ಬಂದಿ ವಿಭಾಗದ ಹಿರಿಯರು, ಪಕ್ಕದಲ್ಲಿ ಫ್ಲೋರ್ ಸಾರ್. ಹೇಳದೆ ಕೇಳದೆ ಕೌಂಟರ್ ಬಿಟ್ಟು ಹೋಗುವುದು ಕೆಲಸ ಕಳೆದುಕೊಳ್ಳುವಂಥ ತಪ್ಪು, ಗೊತ್ತೇ ಎಂದು ಹಿರಿಯರು ಶುರು ಮಾಡಿದರು. ಗೊತ್ತು ಎಂದಳು ದುರ್ಬೀನಕ್ಕ. ಆ ತಪ್ಪಿನ ನಿಯಮ ಪುಸ್ತಕದಲ್ಲಿದೆ, ನಾನು ಓದಿದ್ದೇನೆ. ಕನ್ನಡಕ ಹಾಕಬಾರದು ಎನ್ನುವುದು ಎಷ್ಟನೇ ಪುಟದಲ್ಲಿದೆ, ಅದನ್ನೂ ತೋರಿಸಿ, ಎರಡಕ್ಕೂ ಒಟ್ಟಿಗೆ ಉತ್ತರ ಕೊಡುತ್ತೇನೆ ಎಂದಳು.

ಹಿರಿಯರು ಪುಸ್ತಕ ತಿರುವಿದರು. ಮತ್ತೆ ತಿರುವಿದರು. ಅಂಥ ನಿಯಮ ಇಲ್ಲವಲ್ಲ ಎಂದು ಫ್ಲೋರ್ ಸಾರ್ ಮುಖ ನೋಡಿದರು.

ಆಗ ಹೊರಬಿತ್ತು ಸಂಗತಿ. ಹೊಸ ಅಂಗಡಿ ತೆರೆದ ದಿನ ಸಿಬ್ಬಂದಿಯ ಗುಂಪು ಚಿತ್ರ ತೆಗೆಯಲು ಬಂದ ಫೋಟೋಗ್ರಾಫರು, ಕನ್ನಡಕದ ಗಾಜಿನ ಮೇಲೆ ದೀಪ ಮಿನುಗಿ ಫೋಟೋ ಕೆಡುತ್ತಿದೆ, ಒಂದು ನಿಮಿಷ ತೆಗೆಯಿರಿ ಎಂದಿದ್ದನಂತೆ. ಫೋಟೋದಲ್ಲಿ ಎಲ್ಲರೂ ಚೆನ್ನಾಗಿ ಕಂಡರು ಎಂದು ಯಾರೋ ದೊಡ್ಡವರು ಹೊಗಳಿದರಂತೆ. ದಿನವೂ ಹೀಗೇ ಇದ್ದರೆ ಚೆಂದ ಎಂದು ಫ್ಲೋರ್ ಸಾರ್‌ಗೆ ಅನ್ನಿಸಿತಂತೆ. ಅಷ್ಟೇ. ದೀಪ ತಿರುಗಿಸಬೇಕಾದವರು ಮನುಷ್ಯರ ಕಣ್ಣು ತಿರುಗಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ನಾವು ಗಾದೆ ಎಂದುಕೊಂಡಿದ್ದೇವೆ. ಅದು ಎಷ್ಟೋ ಕಡೆ ಆಡಳಿತದ ಪದ್ಧತಿ.

ಆ ಫೋಟೋ ಆರನೇ ಮಹಡಿಯ ಗೋಡೆಯಲ್ಲೇ ಇದೆ, ದೊಡ್ಡ ಚೌಕಟ್ಟಿನಲ್ಲಿ. ಎಡದಿಂದ ಮೂರನೆಯವಳು ದುರ್ಬೀನಕ್ಕ. ಕನ್ನಡಕ ತೆಗೆಸಿದ್ದರಿಂದ ಕ್ಯಾಮೆರಾ ಎಲ್ಲಿದೆಯೆಂದೇ ಕಾಣದೆ, ಬಲಗಡೆಯ ಕಂಬ ನೋಡಿಕೊಂಡು ಬಾಯ್ತುಂಬ ನಗುತ್ತಿದ್ದಾಳೆ. ಇಷ್ಟು ದಿನ ಅದನ್ನು ಯಾರೂ ಗಮನಿಸಿರಲಿಲ್ಲ. ಆ ಕೋಣೆಯಲ್ಲಿ ಅವಳು ಎದ್ದು ಹೋಗಿ, ಒಳ್ಳೆಯ ಕಣ್ಣನ್ನು ಚೌಕಟ್ಟಿನ ಹತ್ತಿರ ಇಟ್ಟು, ತನ್ನನ್ನೇ ತಾನು ನೋಡಿಕೊಂಡಳಂತೆ.

"ಇದಕ್ಕಾ ಸಾರ್?" ಎಂದಳಂತೆ.

ಹಿರಿಯರು ಪುಸ್ತಕ ಮುಚ್ಚಿಟ್ಟರು. ಘಮಘಮ ಅಳುತ್ತಿದ್ದಳು. ದುರ್ಬೀನಕ್ಕ ಅಳಲಿಲ್ಲ. ಮೂರು ಬೇಡಿಕೆ ಇಟ್ಟಳು. ಕನ್ನಡಕ ಹಾಕಬಹುದು ಎಂದು ಕಾಗದದ ಮೇಲೆ ಬರಬೇಕು. ನೆಲಮಾಳಿಗೆಯ ಬೇಸಿನ್ನಿನಲ್ಲಿ ಸೋಪು, ಕೈ ಒರೆಸಲು ಕಾಗದ ಇರಬೇಕು. ಲೆನ್ಸು ಹಾಕುವವರು ಕೈ ತೊಳೆದು ಬರಲು ಹೋದ ಸಮಯವನ್ನು ವಿರಾಮದ ಲೆಕ್ಕದಲ್ಲಿ ಹಿಡಿಯಬಾರದು. ವಿಚಾರ ಮಾಡುತ್ತೇವೆ ಎಂದರು. ಸಂಜೆಯೊಳಗೆ ಅವಳ ಬಿಲ್ ಕೋಡ್ ಮತ್ತೆ ಕೆಲಸ ಮಾಡತೊಡಗಿತು. ಕೌಂಟರ್ ಬಿಟ್ಟ ತಪ್ಪಿನ ಮಾತನ್ನು ಯಾರೂ ಎತ್ತಲಿಲ್ಲ. ಸೋಪು ಎರಡು ವಾರದ ಮೇಲೆ ಬಂತು. ಕ್ಷಮೆ ಬರಲಿಲ್ಲ. ಕಾಗದವೂ ಬರಲಿಲ್ಲ. ಇಲ್ಲದ ನಿಯಮವನ್ನು ರದ್ದು ಮಾಡುವುದು ಹೇಗೆ ಎಂದು ಆರನೇ ಮಹಡಿಯವರು ಇನ್ನೂ ಯೋಚಿಸುತ್ತಿದ್ದಾರೆ.

ಅವಳು ಕಾಯಲಿಲ್ಲ. ಗಡಿಯಾರದ ಪೆಟ್ಟಿಗೆಯ ರಟ್ಟು ಕತ್ತರಿಸಿ, ತನ್ನ ಗುಂಡು ಅಕ್ಷರದಲ್ಲಿ ಬರೆದು, ನೀರಿನ ಯಂತ್ರದ ಮೇಲೆ ಅಂಟಿಸಿದಳು: ಈ ನೀರು ಬಾಯಿಗೆ, ಲೆನ್ಸಿಗಲ್ಲ. ಮಧ್ಯಾಹ್ನದೊಳಗೆ ಯಾರೋ ಕಿತ್ತರು. ಮರುದಿನ ಮತ್ತೆ ಅಂಟಿಸಿದಳು. ಮತ್ತೆ ಕಿತ್ತರು, ಅಂಗಡಿಯ ಅಂದ ಕೆಡುತ್ತದೆಂದು. ನಾನು ಹೋದ ವಾರ ಹೋಗಿದ್ದಾಗ ಒಂಬತ್ತನೆಯದು ಇತ್ತು. ಹತ್ತನೆಯದು ಬರೆದು ಪೆಟ್ಟಿಗೆಯೊಳಗೆ ಇಟ್ಟಿದ್ದಾಳೆ.

ಘಮಘಮ ಈಗಲೂ ಲೆನ್ಸು ಹಾಕುತ್ತಾಳೆ, ಹಾಕಲಿ. ಲೆನ್ಸು ಶತ್ರುವಲ್ಲ. ಕಣ್ಣು ಪೂರ್ತಿ ವಾಸಿಯಾಗಿ ಡಾಕ್ಟರಮ್ಮ ಹೂಂ ಎಂದ ಮೇಲೆ ಶುರು ಮಾಡಿದಳು. ಸೋಪಿನಲ್ಲಿ ಕೈ ತೊಳೆದು, ಒದ್ದೆ ಇಲ್ಲದಂತೆ ಒರೆಸಿಕೊಂಡು ಮುಟ್ಟುತ್ತಾಳೆ. ತೆಗೆದ ಲೆನ್ಸನ್ನು ಅಂಗೈಯಲ್ಲಿಟ್ಟು ದ್ರಾವಣದಲ್ಲೇ ಉಜ್ಜುತ್ತಾಳೆ. ಡಬ್ಬಿಯ ಹಳೆಯ ದ್ರಾವಣ ಚೆಲ್ಲಿ, ಹೊಸದರಲ್ಲೇ ತೊಳೆದು, ಬೋರಲು ಹಾಕಿ ಒಣಗಿಸುತ್ತಾಳೆ. ಮೂರು ತಿಂಗಳಿಗೊಮ್ಮೆ ಡಬ್ಬಿ ಬದಲು. ಹಾಕಿಕೊಂಡು ಮಲಗುವುದಿಲ್ಲ, ಸ್ನಾನ ಮಾಡುವುದಿಲ್ಲ, ಈಜುವುದಿಲ್ಲ. ಈಜು ನನಗೆ ಮೊದಲೂ ಬರುತ್ತಿರಲಿಲ್ಲ ಎಂದು ಸೇರಿಸುತ್ತಾಳೆ. ಕಣ್ಣು ಚುಚ್ಚಿದ ದಿನ ಲೆನ್ಸು ತೆಗೆದು ಕನ್ನಡಕ ಏರಿಸಿಕೊಂಡು ಬರುತ್ತಾಳೆ. ಆ ದಿನಗಳಲ್ಲಿ ಫ್ಲೋರ್ ಸಾರ್ ಅವಳ ಕೌಂಟರಿನ ಮುಂದೆ ಹಾದುಹೋಗುವಾಗ ಬೇರೆ ಕಡೆ ನೋಡುತ್ತಾರಂತೆ.

ಇನ್ನು ನಿಮ್ಮ ವಿಷಯ. ಕಣ್ಣಲ್ಲಿ ಲೆನ್ಸು ಇಟ್ಟುಕೊಂಡು ಇದನ್ನು ಓದುತ್ತಿದ್ದೀರಾ? ಈ ವಾರ ಅದಕ್ಕೆ ಒಂದು ಹನಿ ನೀರು ತಾಗಿಸಿದ್ದು ನೆನಪಿಗೆ ಬಂತೇ? ಕೈ ತೊಳೆದುಕೊಂಡು ಬನ್ನಿ, ತೆಗೆಯಿರಿ, ಆ ಜೋಡಿಯನ್ನೂ ಅದರ ಡಬ್ಬಿಯನ್ನೂ ಈಗಲೇ ಎಸೆಯಿರಿ. ಕಣ್ಣು ಕೆಂಪಾಗಿದ್ದರೆ, ನೋಯುತ್ತಿದ್ದರೆ, ಬೆಳಕಿಗೆ ಮುಚ್ಚಿಕೊಳ್ಳುತ್ತಿದ್ದರೆ ಮಾತ್ರ ಎಸೆಯಬೇಡಿ, ಎರಡನ್ನೂ ಹಿಡಿದುಕೊಂಡು ಇವತ್ತೇ ಕಣ್ಣಿನ ಡಾಕ್ಟರ ಬಳಿ ಓಡಿ. ಮಾರಾಟ ಮುಗಿಯುವವರೆಗೆ ಕಾಯಬೇಡಿ. ಲೆನ್ಸು ಹಾಕದವರಿಗೂ ಬಿಡುಗಡೆಯಿಲ್ಲ. ನಿಮ್ಮ ಕೈಕೆಳಗೆ ನಾಲ್ಕು ಜನ ದುಡಿಯುತ್ತಿದ್ದರೆ, ಅವರು ಕೈ ತೊಳೆಯುವ ಜಾಗಕ್ಕೆ ನಾಳೆ ಬೆಳಿಗ್ಗೆ ನೀವೇ ನಡೆದು ಹೋಗಿ. ಯಾರನ್ನೂ ಕಳಿಸಬೇಡಿ. ಅಲ್ಲಿ ನಿಮ್ಮ ಕೈ ತೊಳೆಯಿರಿ. ಸೋಪಿಲ್ಲದಿದ್ದರೆ, ಸೋಪು ತಂದಿಡುವವರೆಗೆ ಅವರಲ್ಲಿ ಯಾರ ಮುಖ, ಯಾರ ಕಣ್ಣು ಹೇಗೆ ಕಾಣಬೇಕೆಂದು ಬಾಯಿ ತೆರೆಯಬೇಡಿ.